ಯೋಗ್ಯವಲ್ಲದವಲ್ಲ

ಮೂವತ್ತೊಂದು ಗುಹೆಮನೆಗಳಲ್ಲಿದ್ದವರನ್ನು ಎರಡೇ ದಿನದಲ್ಲಿ ಎಬ್ಬಿಸಿ ಬಯಲಿನ ತಗಡಿನ ಶೆಡ್ಡುಗಳಿಗೆ ಸಾಗಿಸಿದರು. ಅದಕ್ಕೆ ಆಧಾರ ಒಂದು ವರದಿ. ವರದಿಯ ಕೊನೆಯ ವಾಕ್ಯ: ‘ಈ ಗುಹೆಗಳು ವಾಸಕ್ಕೆ ಯೋಗ್ಯವಲ್ಲ.’ ಕೆಳಗಿನ ಸಹಿ ಅವನದು.

ಈಗ ಅದೇ ಗುಹೆಗಳ ಕಣಿವೆಯನ್ನು ನೋಡಲು ಗೇಟಿನಲ್ಲಿ ಟಿಕೆಟ್ಟನ್ನು ಭಾವನೇ ತೆಗೆದರು. ಮೊದಲ ಅನುಮಾನ ಹುಟ್ಟಿದ್ದು ಅಲ್ಲಿ. ಅಕ್ಕನನ್ನು ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಭಾವ ಯಾರ ಬಸ್ ಟಿಕೆಟ್ಟಿಗೂ ಜೇಬಿಗೆ ಕೈ ಹಾಕಿದವರಲ್ಲ.

“ಒಂದ್ಸಲ ಹೊರಗಿನವನ ಥರ ನೋಡ್ಬೇಕಪ್ಪ,” ಭಾವ ಅಂದರು. “ನೀನು ಬರೀ ಸುತ್ತಿಗೆ ಹಿಡ್ಕೊಂಡು ನೋಡಿದ್ದೀಯ.”

ನಾಳೆ ಹನ್ನೊಂದಕ್ಕೆ ವಿಚಾರಣೆ. ಶೆಡ್ಡಿನವರು ನ್ಯಾಯಾಲಯದ ಮೆಟ್ಟಿಲು ಸವೆಸಿ ತಂದ ವಿಚಾರಣೆ. ಬಂಡೆಯನ್ನು ಪರೀಕ್ಷಿಸಿದ ಭೂವಿಜ್ಞಾನಿಯಾಗಿ ಅವನು ಸಾಕ್ಷಿ ಹೇಳಬೇಕು. ಬಂಡೆ ಗಟ್ಟಿ ಅಂದರೆ ಅವರು ಮನೆಗೆ ಮರಳುತ್ತಾರೆ, ಅವನ ಕೆಲಸ ಹೋಗುತ್ತದೆ. ಅದರ ಹಿಂದಿನ ದಿನವೇ ಭಾವನಿಗೆ ಕಲ್ಲಿನ ಮೇಲೆ ಪ್ರೀತಿ ಉಕ್ಕಿತ್ತು.

ಅವನು ಕೈಯಲ್ಲಿ ಬರೆದುಕೊಟ್ಟದ್ದು ‘ಯೋಗ್ಯವಲ್ಲ’ ಎಂದಲ್ಲ, ‘ಯೋಗ್ಯವಲ್ಲದವಲ್ಲ’ ಎಂದು. ಅಂದರೆ, ಯೋಗ್ಯ. ಆದರೆ ಯಾವುದನ್ನೂ ನೇರವಾಗಿ ಹೌದು ಅನ್ನುವುದು ಅವನ ಜಾಯಮಾನವಲ್ಲ. ಚಹಾ ಬೇಕೇ ಎಂದು ಕೇಳಿದರೆ ಬೇಡ ಅಂತೇನಿಲ್ಲ ಅನ್ನುತ್ತಿದ್ದ. ಕಚೇರಿಯಲ್ಲಿ ಅವನಿಗೆ ‘ಅಲ್ಲದಲ್ಲ’ ಎಂದೇ ಅಡ್ಡಹೆಸರು. ಕೈಬರಹ ಟೈಪಾಗಿ ಬರುವಷ್ಟರಲ್ಲಿ ಬಾಲದ ಮೂರು ಅಕ್ಷರ ಉದುರಿತ್ತು: ದ, ವ, ಲ್ಲ. ಟೈಪಿನ ವಿಭಾಗಕ್ಕೆ ಭಾವನೇ ಮುಖ್ಯಸ್ಥರು.

ಭಾವನ ಅಂಗಿಯ ಜೇಬಿನಿಂದ ಫೋನಿನ ಕ್ಯಾಮೆರಾ ಕಣ್ಣು ಮಾತ್ರ ಹೊರಗಿತ್ತು. ಅವನು ಭಾವನ ಎಡಕ್ಕೆ ಸರಿದು ನಡೆದ.

ಕಣಿವೆಯ ತುಂಬ ಕಲ್ಲಿನ ಕಂಬಗಳು. ಕೆಳಗಿನ ಮೆದುಕಲ್ಲನ್ನು ಗಾಳಿ ಮಳೆ ತಿಂದುಹಾಕಿ, ಮೇಲಿನ ಗಟ್ಟಿಕಲ್ಲು ಮಾತ್ರ ಟೋಪಿಯ ಹಾಗೆ ಕೂತಿತ್ತು. ಒಂದೊಂದರ ಮುಂದೂ ಬೋರ್ಡು: ಒಂಟೆ, ಮೂವರು ಅಕ್ಕತಂಗಿಯರು, ಟೋಪಿರಾಯ.

“ನಮ್ಮ ಆಫೀಸೇ ಕಣೋ ಇದು,” ಭಾವ ನಕ್ಕರು. “ಕೆಳಗಿನವ್ರು ಸವೀತಾರೆ, ಮೇಲಿನೋನು ಟೋಪಿ.”

“ಹಾಕಿದ್ದು ಯಾರು?”

“ಏನು?”

“ಟೋಪಿ.”

ಭಾವ ಅವನ ಮುಖವನ್ನು ಒಂದು ಕ್ಷಣ ಜಾಸ್ತಿಯೇ ನೋಡಿದರು. “ಗಾಳಿ, ಮಳೆ ಅಂತ ನೀನೇ ಹೇಳ್ತಿದ್ಯಲ್ಲ. ಬಾ, ಬಿಸಿಲು ಏರೋದ್ರೊಳಗೆ ರೂಮುಗಳನ್ನ ನೋಡಣ.”

ರೂಮುಗಳು! ಆರು ತಿಂಗಳ ಹಿಂದೆ ಅವು ಮನೆಗಳಾಗಿದ್ದವು. ಈಗ ಗೋಡೆಗೆ ಸುಣ್ಣ, ಬಾಗಿಲಿಗೆ ಗಾಜು, ಅವನು ಸುತ್ತಿಗೆಯಿಂದ ತಟ್ಟಿ ನೋಡಿದ್ದ ಚಾವಣಿಗೆ ತೂಗುದೀಪ. ಇಬ್ಬರು ಮಲಗುವ ಮಂಚದ ಮೇಲೆ ಟವೆಲ್ಲನ್ನು ಬಾತುಕೋಳಿಯ ಆಕಾರಕ್ಕೆ ಮಡಿಚಿಟ್ಟಿದ್ದರು. ಬಡವರು ಹೋದ ಕೂಡಲೇ ಬಂಡೆ ಗಟ್ಟಿಯಾಗಿತ್ತು.

“ಇಲ್ಲಿ ಮಲಗೋಕೆ ಭಯ ಆಗಲ್ವಾ ಜನಕ್ಕೆ?” ಭಾವ ಮೆಲ್ಲಗೆ ಕೇಳಿದರು. “ವರದಿ ಹಾಗಿದ್ದಾಗ?”

“ಜನ ವರದಿ ಓದಲ್ಲ.”

“ನೀನು ಓದಿದ್ಯಾ?”

ಅವನು ಬಾತುಕೋಳಿಯ ಕತ್ತನ್ನು ಒತ್ತಿದ. ಅದು ಬಿಚ್ಚಿಕೊಂಡು ಟವೆಲ್ಲಾಯಿತು.

ಹತ್ತೊಂಬತ್ತನೆಯ ಮನೆಯನ್ನು ಮಾತ್ರ ಹಿಂದಿದ್ದಂತೆಯೇ ಉಳಿಸಿಕೊಂಡಿದ್ದರು, ಪ್ರವಾಸಿಗರಿಗೆ ತೋರಿಸಲು. ಒಲೆ, ಕಂಬಳಿ, ಕಲ್ಲಲ್ಲೇ ಕೊರೆದ ಗೂಡುಗಳು. ಒಲೆಯ ಮುಂದೆ ಒಬ್ಬ ಮುದುಕಿ ಕೂತಿದ್ದಳು. ಕೊರಳಲ್ಲಿ ದಾರ, ದಾರದಲ್ಲಿ ಬಿಲ್ಲೆ, ಬಿಲ್ಲೆಯ ಮೇಲೆ ‘ನಿವಾಸಿ’ ಎಂದು ಬರೆದಿತ್ತು. ಬಾಗಿಲ ಕಾವಲುಗಾರ ಪಾಠ ಒಪ್ಪಿಸುವವನಂತೆ ಹೇಳಿದ: ಇದು ಈಕೆಯದೇ ಮನೆ; ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇಲ್ಲಿ ವಾಸಿಸುತ್ತಾಳೆ; ಆಮೇಲೆ ರೂಮುಗಳನ್ನು ನಡೆಸುವ ಕಂಪನಿಯ ವ್ಯಾನಿನಲ್ಲಿ ಶೆಡ್ಡಿಗೆ.

ಅವನು ಕಂಬದ ಮರೆಗೆ ಸರಿದ. ಮುದುಕಿಯ ಕಣ್ಣು ಅಷ್ಟರಲ್ಲೇ ಅವನ ಮೇಲೆ ಬಿದ್ದಿತ್ತು.

“ಸುತ್ತಿಗೆ ಸಾಹೇಬ್ರಲ್ವಾ? ಬನ್ನಿ ಬನ್ನಿ. ಅವತ್ತು ಗೋಡೆಗೆ ಕಿವಿ ಕೊಟ್ಟು ಕೂತಿದ್ರಿ. ಏನು ಗುಟ್ಟು ಹೇಳ್ತೋ ಗೋಡೆ!”

ಭಾವನಿಗೆ ಖುಷಿಯಾಯಿತು, ಖುಷಿ ತುಸು ಬೇಗನೇ ಆಯಿತು ಎಂದು ಅವನಿಗೆ ಅನ್ನಿಸಿತು. “ಓ, ಪರಿಚಯ ಉಂಟು ಹಾಗಾದ್ರೆ?”

“ಉಂಟಪ್ಪ. ನಾನು ಕೇಳ್ದೆ, ಸಾಹೇಬ್ರೇ, ನಮ್ಮ ಮನೆ ಗಟ್ಟಿ ಇದ್ಯಾ ಅಂತ. ಏನಂದ್ರು ಗೊತ್ತಾ? ‘ಗಟ್ಟಿ ಇಲ್ಲ ಅಂತೇನಿಲ್ಲ.’” ಅವಳು ಅವನ ದನಿಯನ್ನೇ ತೆಗೆದಳು, ಗಂಟಲು ಸರಿಮಾಡಿಕೊಂಡದ್ದನ್ನೂ ಬಿಡದೆ. “ಇವರು ಹೋದ್ಮೇಲೆ ಎರಡು ದಿನ ನಮ್ಮಲ್ಲಿ ಅದೇ ಜಗಳ. ನನ್ನ ಮಗ ಇರು ಅಂತ ಅರ್ಥ ಅಂದ. ಸೊಸೆ ಹೋಗು ಅಂತ ಅರ್ಥ, ದೊಡ್ಡೋರು ಹೋಗು ಅನ್ನೋದು ಹಾಗೇ ಅಂದ್ಲು. ಕೊನೆಗೆ ಸೊಸೆ ಗೆದ್ಲು.”

“ನಾನು ಹೇಳಿದ್ದರ ಅರ್ಥ—”

“ಈಗ ಬಿಡಿ ಸಾಹೇಬ್ರೇ. ಅರ್ಥಕ್ಕೆ ಲಾರಿ ಬಂತಲ್ಲ.”

ಒಬ್ಬಳು ಪ್ರವಾಸಿ ಬಂದು ಮುದುಕಿಯ ಪಕ್ಕ ಕೂತು ಫೋಟೋ ತೆಗೆಸಿಕೊಂಡಳು. ಮುದುಕಿ ಲೆನ್ಸಿನ ಕಡೆ ನೋಡಿ ನಕ್ಕು, ಆದ ಮೇಲೆ ನಗುವನ್ನು ಮಡಿಚಿಟ್ಟಳು.

ಹೊರಗೆ ನೆರಳಲ್ಲಿ ಕೂತು ಅಕ್ಕ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದರು. ಭಾವ ದೊಡ್ಡ ಪಾಲನ್ನು ಅವನತ್ತ ತಳ್ಳಿದರು. ಅವನ ಅನುಮಾನವೂ ದೊಡ್ಡದಾಯಿತು.

“ಭಾವ, ಆ ಮೂರು ಅಕ್ಷರ ತೆಗೆದದ್ದು ಯಾರು?”

“ಯಾಕೆ?”

“ನಾಳೆ ಕೇಳ್ತಾರೆ.”

“ಕೇಳಿದ್ರೆ ಏನು ಹೇಳ್ತೀಯ?”

“ಗೊತ್ತಿಲ್ಲ ಅಂತೇನೂ ಅಲ್ಲ...”

“ನೋಡಿದ್ಯಾ!” ಭಾವ ಕೈ ತೊಳೆದುಕೊಂಡು ಪ್ಯಾಂಟಿನ ಜೇಬಿನಿಂದ ಒಂದು ಜೆರಾಕ್ಸ್ ಹಾಳೆ ತೆಗೆದು ತೊಡೆಯ ಮೇಲೆ ಬಿಡಿಸಿದರು. ವರದಿಯ ಕೊನೆಯ ಪುಟ. “ಸಾಲಿನ ಕೊನೆಗೆ ಪದ ಹಿಡೀಲಿಲ್ಲ. ಮುರಿದು ಕೆಳಗೆ ಹಾಕೋ ಬದಲು ಟೈಪಿಸ್ಟು ಬಿಟ್ಲೋ, ಮೇಲಿನೋರು ಬಿಡಿಸಿದ್ರೋ, ನಾನೇ ಬಿಟ್ನೋ, ಅದನ್ನೆಲ್ಲ ಕೆದಕ್ಬೇಡ. ಆದ್ರೆ ಇದು ನಿನ್ನ ಟೇಬಲ್ಲಿಗೆ ಬಂದಿತ್ತು. ಕೆಳಗೆ ಏನಿದೆ ಓದು.”

‘ಓದಿ ನೋಡಿದ್ದೇನೆ.’ ಅವನದೇ ಅಕ್ಷರ. ಕೆಳಗೆ ಸಹಿ.

“ಓದ್ದೆ ಸಹಿ ಹಾಕ್ದೆ ಅಂದ್ರೆ ಬೇಜವಾಬ್ದಾರಿ. ಓದಿ ಹಾಕ್ದೆ ಅಂದ್ರೆ ಇನ್ನೊಂದು. ನಿನ್ನಕ್ಕ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ವಾಕ್ಯ ನನ್ನದೇ, ಬಂಡೆ ಟೊಳ್ಳು ಅಂದ್ಬಿಡು. ಮುಗೀತು.”

ಭಾವನ ದನಿಯಲ್ಲಿ ಬೆದರಿಕೆ ಇತ್ತೋ, ಬೇಡಿಕೆಯೋ. ಫೋನಿನ ಕಣ್ಣು ಜೇಬಿನಿಂದ ಅವನನ್ನೇ ನೋಡುತ್ತಿತ್ತು. ಅವನು ಹಾಳೆಯನ್ನು ನೋಡಿದ.

ಅವನು ಓದಿದ್ದ.

ಅದು ಈಗ ಅವನಿಗೆ ಸ್ಪಷ್ಟವಾಗಿ ನೆನಪಾಯಿತು, ಯಾರೋ ಹಿಂದಿನಿಂದ ಬಂದು ಹೆಗಲು ಮುಟ್ಟಿದ ಹಾಗೆ. ಆ ಮಧ್ಯಾಹ್ನ ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಮೊಣಕೈ ಊರಿ ಅವನು ಕೊನೆಯ ಸಾಲನ್ನು ಓದಿದ್ದ. ಓದಿ ತಡೆದಿದ್ದ. ಅಲ್ಲಿ ಏನೋ ಕಡಿಮೆಯಿದೆ ಎಂದು ಗೊತ್ತಾಗಿತ್ತು. ಆದರೆ ವಾಕ್ಯ ಚೆನ್ನಾಗಿ ಕಂಡಿತ್ತು. ಅವನ ಇಪ್ಪತ್ತು ವರದಿಗಳಲ್ಲಿ ಮೊದಲ ಬಾರಿಗೆ ಒಂದು ವಾಕ್ಯ ಬೆನ್ನು ನೆಟ್ಟಗೆ ಮಾಡಿ ನಿಂತಿತ್ತು. ಎಷ್ಟು ಗಂಡಸಿನ ಹಾಗಿದೆ ಅಂದುಕೊಂಡು ಸಹಿ ಹಾಕಿದ್ದ. ಮೂವತ್ತೊಂದು ಮನೆಯವರು ಆಗ ಅವನ ತಲೆಗೇ ಬಂದಿರಲಿಲ್ಲ. ಬಂದಿದ್ದ ಯೋಚನೆ ಚಹಾದ್ದು.

ಅಂದರೆ ಆರು ತಿಂಗಳಿಂದ ಅವನು ಸಂಶಯಪಟ್ಟ ಟೈಪಿಸ್ಟು, ಭಾವ, ಮೇಲಿನವರು, ಎಲ್ಲರೂ ಬರೀ ನೆಪ. ಹಾಗೆ ಅನ್ನಿಸಿದ್ದೇ ಅವನಿಗೆ ಇನ್ನೊಂದು ಅನುಮಾನ ಬಂತು: ಇದನ್ನು ನೆನಪಿಸಲಿಕ್ಕೇ ಭಾವ ಇಲ್ಲಿಗೆ ಕರೆತಂದದ್ದೇ?

“ಯೋಚ್ನೆ ಮಾಡ್ತೀನಿ,” ಅಂದ.

“ಮಾಡು ಮಾಡು. ನಾಳೆ ಹನ್ನೊಂದರ ತನಕ ಟೈಮಿದೆ,” ಭಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟರು.

ಐದು ಗಂಟೆಗೆ ಸೀಟಿ ಊದಿದರು. ಜನ ಕಣಿವೆಯಿಂದ ಏರಿ ಬಂದು ಹತ್ತೊಂಬತ್ತನೆಯ ಮನೆಯ ಮುಂದಿನ ದಾರಿಯಲ್ಲೇ ಗೇಟಿನತ್ತ ಸಾಗುತ್ತಿದ್ದರು. ಅಲ್ಲೇ ಗುಂಪು ನಿಂತಿತ್ತು. ಕಾವಲುಗಾರ ಒಳಗೆ ತಲೆ ಹಾಕಿ ಕೂಗುತ್ತಿದ್ದ.

“ಅಮ್ಮಾ, ವ್ಯಾನು ನಿಂತಿದೆ. ಏಳು.”

ಮುದುಕಿ ಒಲೆಯ ಮುಂದೆಯೇ ಇದ್ದಳು. ಕೊರಳಿನ ಬಿಲ್ಲೆಯನ್ನು ಬಿಚ್ಚಿ ಹೊಸ್ತಿಲ ಮೇಲಿಟ್ಟಿದ್ದಳು.

“ಏನಮ್ಮ ಇದು ಹೊಸ ಆಟ? ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ.” ಕಾವಲುಗಾರ ಸುತ್ತ ನೋಡಿದ. ಅವನನ್ನು ಕಂಡ. “ಸಾರ್, ನೀವು ಕಲ್ಲಿನ ಸಾರ್ ಅಲ್ವಾ? ನೀವೇ ಹೇಳಿ ಸಾರ್, ಒಳಗೆ ಅಪಾಯ ಅಂತ. ನಿಮ್ಮ ಮಾತು ಕೇಳ್ತಾಳೆ.”

“ಹೇಳಪ್ಪ,” ಭಾವ ಮೊಣಕೈ ಹಿಡಿದರು. “ಒಂದು ಮಾತು.”

ಗುಂಪು ಅವನಿಗೆ ದಾರಿ ಬಿಟ್ಟಿತು. ಬಾಗಿಲು ಗಿಡ್ಡ, ಅವನು ಬಗ್ಗಿ ನಿಂತ. ಮುದುಕಿ ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಈ ಸಲ ತಮಾಷೆ ಇರಲಿಲ್ಲ. ಅವಳು ನಿಜವಾಗಿ ಕಾಯುತ್ತಿದ್ದಳು. ಇದು ಗಟ್ಟಿ ಇದೆ ಎನ್ನುವ ಮೂರು ಪದಗಳು ಅವನ ನಾಲಿಗೆಯ ಮೇಲೆ ಬಂದು ಕೂತವು. ಹಿಂದೆ ಭಾವನ ಉಸಿರು. ಹಿಂದೆ ಎಲ್ಲರ ಉಸಿರು.

“ಅಪಾಯ ಇಲ್ಲ ಅಂತ ಹೇಳೋಕಾಗಲ್ಲ,” ಅಂದ.

“ಕೇಳಿಸ್ತಾ?” ಕಾವಲುಗಾರ ಗೆದ್ದವನಂತೆ ಹೇಳಿದ. “ಅಪಾಯ ಅಂತೆ. ಬಾ ಹೊರಗೆ.”

“ಬರಲ್ಲ,” ಅಂದಳು ಮುದುಕಿ.

ದನಿ ದೊಡ್ಡದಾಗಿರಲಿಲ್ಲ. ಬಂಡೆ ಅದನ್ನು ದೊಡ್ಡದು ಮಾಡಿ ಹೊರಗೆ ಕಳಿಸಿತು. ಗುಂಪಿನಲ್ಲಿ ಯಾರೋ ಒಬ್ಬ ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ. ಐದು ಗಂಟೆಯ ಪ್ರದರ್ಶನವೆಂದು ತಿಳಿದಿದ್ದರು. ಅವನು ಬಾಗಿಲಲ್ಲಿ ಬಗ್ಗಿಯೇ ಇದ್ದ; ತಲೆಯೆತ್ತಲು ಮೇಲೆ ಜಾಗವಿರಲಿಲ್ಲ, ಹಿಂದೆ ಸರಿಯಲು ಜನ ಬಿಡುತ್ತಿರಲಿಲ್ಲ. ಅವನ ಹೆಗಲಿನ ಆಚೀಚೆಯಿಂದ, ಕಂಕುಳ ಸಂದಿಯಿಂದ, ಫೋನುಗಳು ಒಳಗೆ ಚಾಚಿಕೊಂಡವು.

“ಅಜ್ಜಿ, ಇನ್ನೊಂದ್ಸಲ ಹೇಳಿ,” ಒಂದು ಹೆಣ್ಣುದನಿ ಅಕ್ಕರೆಯಿಂದ ಕೇಳಿತು. “ವಿಡಿಯೋ ಆನ್ ಆಗಿರ್ಲಿಲ್ಲ.”

ಮುದುಕಿ ಗೋಡೆಯ ಕಡೆ ತಿರುಗಿ ಕೂತಳು.