ಮುರಿದ ಹಲ್ಲು ಹುಡುಕುವಾಗ

ಚಳಿ ಹಿಂದೆ ಸರಿಯುವ ಕಾಲ. ಆಲೂಗಡ್ಡೆ ಬಿತ್ತನೆಗೆ ಹದವಾಗಿದ್ದ ಹೊಲದ ಮೇಲೆ ಮಂಜು ಇನ್ನೂ ಮೈಮುರಿಯುತ್ತ ಬಿದ್ದಿತ್ತು. ಅದರೊಳಗೆ ಕಮ್ಮಾರ ಲೋಹ ಹುಡುಕುವ ಯಂತ್ರವನ್ನು ಕಸ ಗುಡಿಸುವಂತೆ ಅತ್ತಿಂದಿತ್ತ ಆಡಿಸುತ್ತ ನಡೆಯುತ್ತಿದ್ದ. ಗುಜರಿಯಿಂದ ತಂದು ತಾನೇ ರಿಪೇರಿ ಮಾಡಿಕೊಂಡ ಯಂತ್ರ. ಹೊಲ ಅಕ್ಕನದು. ಹಿಂದಿನ ಸಲ ಉಳುವಾಗ ಟ್ರ್ಯಾಕ್ಟರಿನ ನೇಗಿಲ ಹಲ್ಲೊಂದು ಮುರಿದು ಮಣ್ಣಿನಲ್ಲೇ ಉಳಿದಿತ್ತು. ನಾಳೆ ಬಿತ್ತುವ ಯಂತ್ರ ಬಾಡಿಗೆಗೆ ಬರುವುದಿತ್ತು. ಅದಕ್ಕೆ ಈ ಹಲ್ಲು ಸಿಕ್ಕಿಕೊಂಡರೆ ಬಿತ್ತನೆ ನಿಂತು, ಅಕ್ಕನ ಈ ವರ್ಷದ ಬೆಳೆಗೇ ಕುತ್ತು.

ಕಬ್ಬಿಣ ಕಂಡರೆ ಯಂತ್ರ ಗೊರಗೊರ ಎನ್ನುತ್ತಿತ್ತು. ಬೇಲಿಯ ಮೂಲೆಯಲ್ಲಿ ಮಾತ್ರ ದೂರದ ಗಂಟೆಯಂತೆ ಇಂಪಾಗಿ ಉಲಿಯಿತು. ಚಿಕ್ಕಂದಿನಿಂದ ಕಬ್ಬಿಣಕ್ಕೇ ಕಿವಿ ಪಳಗಿದವನಿಗೆ ಅದು ಯಂತ್ರದ ಕಾಯಿಲೆ ಅನ್ನಿಸಿತು. ಅದರ ತಂತಿಗೆ ಟೇಪು ಸುತ್ತಿದ, ತಟ್ಟಿದ, ಬೈದ. ಕೊನೆಗೆ ಆ ಮೂಲೆಯನ್ನೇ ಬಿಟ್ಟು ಮುಂದೆ ಹೋದ.

ಬಿಸಿಲೇರಿದಾಗ ಅಕ್ಕ ಬುತ್ತಿ ತಂದಳು.

"ಸಿಕ್ತೇನೋ?"

"ಒಂದು ಲಾಳ, ನಾಲ್ಕು ಮೊಳೆ. ನಿನ್ನ ಹೊಲ ಹಲ್ಲನ್ನ ಅರಗಿಸಿಕೊಂಡುಬಿಟ್ಟಿದೆ ಕಣಕ್ಕ."

"ಆ ಮೂಲೆ ನೋಡಿದ್ಯಾ? ಟ್ರ್ಯಾಕ್ಟರ್ ಎಗರಿದ್ದು ಅಲ್ಲೇ."

"ಅಲ್ಲಿಗೆ ಹೋದ್ರೆ ಇದು ಹಾಡು ಹೇಳುತ್ತೆ."

"ಹೇಳಿದ್ರೆ ಕೇಳ್ಬೇಕಪ್ಪ. ನಿನ್ನ ಹತ್ರ ಇಷ್ಟು ಇಂಪಾಗಿ ಇನ್ಯಾರು ಮಾತಾಡ್ತಾರೆ?"

ಅಗೆದರು. ಮೊಣಕೈ ಆಳದಲ್ಲಿ ಬಿರುಕುಬಿಟ್ಟ ಚಪ್ಪಡಿ, ಅದರಡಿ ಮಡಕೆಯ ಬಾಯಿ. ಮುರಿದ ಹಲ್ಲು ಬಿರುಕಿನಲ್ಲಿ ತೂರಿ ನಿಂತಿತ್ತು. ಮಡಕೆಯೊಳಗೆ ಅದರ ತುದಿಯ ಸುತ್ತ ಕಪ್ಪಗೆ, ಮೀನಿನ ಹುರುಪೆಗಳಂತೆ ಒಂದಕ್ಕೊಂದು ಅಂಟಿದ ನಾಣ್ಯಗಳು. ಕಮ್ಮಾರ ಒಂದನ್ನು ಬಿಡಿಸಿ ಹೆಬ್ಬೆರಳಿನಿಂದ ಒರೆಸಿದ. ಬೆಳ್ಳಿ ಬೆಳಗಿತು, ನಿದ್ದೆಯಿಂದ ಎಬ್ಬಿಸಿದಂಥ ಒಂದು ಮುಖ ಅವನನ್ನು ನೋಡಿತು.

ಊರಿನ ಸದ್ದೆಲ್ಲ ಎಲ್ಲೋ ಸರಿದುಹೋದಂತಾಯಿತು. ಪಕ್ಕದಲ್ಲೇ ಯಾರೋ ಕುಕ್ಕರುಗಾಲಿನಲ್ಲಿ ಕೂತು, ದಾರಿಯತ್ತ ತಿರುತಿರುಗಿ ನೋಡುತ್ತ, ಹಿಡಿಹಿಡಿಯಾಗಿ ನಾಣ್ಯ ತುಂಬುತ್ತಿದ್ದಾರೆ ಅನ್ನಿಸಿತು ಅವನಿಗೆ. ಈಗ ಬಂದೆ ಎಂದು ಹೋಗಿ, ಮತ್ತೆ ಬಾರದೇ ಉಳಿದವರು.

"ತಾಲ್ಲೂಕು ಕಚೇರಿಗೆ ತಿಳಿಸ್ಬೇಕಕ್ಕ," ಎಂದ ಮೆಲ್ಲಗೆ.

"ತಿಳಿಸಿದ್ರೆ?"

"ಹಳೇ ಕಾಲದ್ದು ಅಗೆಯೋರು ಬಂದು ಸುತ್ತ ಹಗ್ಗ ಕಟ್ತಾರೆ. ಕುಂಚದಲ್ಲಿ ಮಣ್ಣು ಗುಡಿಸ್ತಾ ಕೂರ್ತಾರೆ. ಹೀಗೇ ಏನೋ ಸಿಕ್ಕಿ ಕಾಲುವೆಯಾಚೆ ಹೊಲ ಎಷ್ಟು ದಿನ ಬೀಳು ಬಿತ್ತು, ನೋಡ್ಲಿಲ್ವಾ?"

ಅಕ್ಕ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡಳು. ಅದು ಬೆಚ್ಚಗಾಗುವವರೆಗೆ ಹಿಡಿದಿದ್ದಳು. ಆಮೇಲೆ ಇದ್ದ ಜಾಗದಲ್ಲೇ ಇಟ್ಟಳು.

"ಇದು ಕಾಯುತ್ತೆ. ಆಲೂಗಡ್ಡೆ ಕಾಯಲ್ಲ."

"ತಪ್ಪಲ್ವಾ?"

"ತಪ್ಪೇ. ಗಡ್ಡೆ ಕಿತ್ತ ಮಾರನೇ ದಿನ ನಾನೇ ಹೋಗಿ ಹೇಳಿ ಬೈಸ್ಕೋತೀನಿ. ಅಲ್ಲೀತನಕ ಸಾಲ ಅಂದ್ಕೋ."

"ಯಾರ ಸಾಲ?"

"ಹೂತಿಟ್ಟೋರದ್ದು."

ಮಗುವಿನ ಕಾಲಿನ ಮುಳ್ಳು ತೆಗೆಯುವಂತೆ ಕಮ್ಮಾರ ಹಲ್ಲನ್ನು ಹೊರಗೆಳೆದ. ಒಂದು ನಾಣ್ಯವೂ ಕದಲಲಿಲ್ಲ. ಇಬ್ಬರೂ ಕೈಯಿಂದಲೇ ಮಣ್ಣು ಮುಚ್ಚಿದರು.

ಮರುದಿನ ಬಿತ್ತುವ ಯಂತ್ರ ಮೂಲೆಗೆ ಬಂದಾಗ ಅಕ್ಕ ಅಡ್ಡ ನಿಂತು, ಬಳಸಿ ಹೋಗುವಂತೆ ಕೈ ತೋರಿಸಿದಳು.

"ಇಷ್ಟು ಜಾಗ ಯಾಕಮ್ಮ ಬಿಡ್ತೀರಾ?" ಎಂದ ಡ್ರೈವರ್.

"ಅಲ್ಲಿ ಯಾರೋ ಮಲಗಿದ್ದಾರಪ್ಪ."

ಅವನು ನಕ್ಕ. ಆದರೂ ಆ ತಿರುವಿನಲ್ಲಿ, ಯಾಕೋ, ಎಂಜಿನ್ನಿನ ಸದ್ದು ತಗ್ಗಿಸಿದ.