ಕತ್ತರಿ ಬಿದ್ದ ಕವಿ

ಪಾಸ್ಕಲ್ ಮಾವನಿಗೆ ಗಲ್ಫಿನ ದೋಹಾ ಸಾಕಾಗಿತ್ತು. ಮಗ ಲ್ಯಾನ್ಸ್‌ಲಾಟ್ ಆಫೀಸಿಗೆ ಹೋದರೆ ಬಿನ್ ಮಹಮೂದ್ ಬಡಾವಣೆಯ ಆ ಫ್ಲಾಟಿನಲ್ಲಿ ಕಿಟಕಿಯೇ ಅವರಿಗೆ ಸಂಗಾತಿ. ವಿಸಿಟ್ ವೀಸಾ ಇನ್ನೂ ಇತ್ತು. ಆದರೂ ಬೆಳಗಾದರೆ ಅದೇ ರಾಗ: ಊರಿಗೆ ಟಿಕೆಟ್ ಮಾಡಿಸಿ. ಸೊಸೆ ರೋಸ್‌ಮೇರಿಗೆ ಸಂಕಟ. ಎಳೆತನದಲ್ಲೇ ಅಪ್ಪನನ್ನು ಕಳೆದುಕೊಂಡವಳಿಗೆ ಈ ಮುದುಕ ಮನೆಯಲ್ಲಿ ಕೆಮ್ಮಿದರೂ ಹಿತ.

ಮಾವ ಹರೆಯದಲ್ಲಿ ಮಂಗಳೂರಿನ ಟಾಕೀಸಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ದರು. ಹೊಲ ಉಳುತ್ತ ಹಾಡು ಕಟ್ಟುವ, ಕಂಡ ಹುಡುಗಿಯರಿಗೆಲ್ಲ ಮನಸ್ಸು ಕೊಡುವ ಸ್ಕಾಟ್ಲೆಂಡಿನ ಕವಿಯ ಕತೆ. ಉದ್ದಕ್ಕೂ ಹಾಡು. ಅದರ ಗುಣಗಾನ ಕೇಳಿ ಕೇಳಿ ಕಿವಿ ತೂತು ಬಿದ್ದಿದ್ದ ರೋಸ್‌ಮೇರಿ, ನಜ್ಮಾ ಪೇಟೆಯ ವಿಡಿಯೋ ಅಂಗಡಿಯ ಕಬೀರನಿಗೆ ದುಂಬಾಲು ಬಿದ್ದು ಕ್ಯಾಸೆಟ್ ತರಿಸಿದಳು. ಇದನ್ನು ನೋಡಿಯಾದರೂ ಮಾವ ನಿಂತಾರು ಎಂಬ ಆಸೆ.

ಶುಕ್ರವಾರ ರಜೆ. ಎದುರು ಫ್ಲಾಟಿನ ಹಾಲಸಿದ್ದಪ್ಪ, ನೀಲಕ್ಕ ದಂಪತಿಯೂ ಬಂದು ಕೂತರು. ಕವಿ ಹುಡುಗಿಯ ಕೈ ಹಿಡಿದು ಬಾಯಿ ತೆರೆದ, ಟಕ್ಕನೆ ಹೊಲ. ಹೆಂಡದಂಗಡಿಯಲ್ಲಿ ಲೋಟ ಎತ್ತಿದ, ಟಕ್ಕನೆ ಕುದುರೆ. ಅಲ್ಲಿನ ಸರಕಾರದ ತಪಾಸಣೆಗೆ ಹೆದರುವ ಕಬೀರ್ ಮುತ್ತು, ಮದ್ಯ ಕಂಡಲ್ಲೆಲ್ಲ ಕತ್ತರಿ ಆಡಿಸುವವನು. ಈ ಕವಿಗೋ ಅವೆರಡು ಬಿಟ್ಟರೆ ಬೇರೆ ಬಾಳೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಸತ್ತೇ ಹೋದ.

"ಇದೇನ್ರೀ ಯಜಮಾನ್ರ, ಹಾಡು ಎಲ್ಲಿ ಹೋದ್ವು? ಬರೇ ಹೊಲಾ ತೋರ್ಸಿ ಹೆಣಾ ಎತ್ತಿಬಿಟ್ರಲ್ಲ!" ಎಂದ ಹಾಲಸಿದ್ದಪ್ಪ.

ರೋಸ್‌ಮೇರಿಗೆ ಅಳುವೇ ಬಂತು. ಇನ್ನು ಮಾವನನ್ನು ಹಿಡಿದು ನಿಲ್ಲಿಸುವ ದಾರಿಯಿಲ್ಲ ಅಂದುಕೊಂಡಳು.

ಅಷ್ಟರಲ್ಲಿ ಮಾವ ಎದ್ದು ನಿಂತರು. "ಆ ಕಬೀರನಿಗೆ ಎಂತ ಗೊತ್ತುಂಟು? ರೋಸಿ, ಹಿಂದೆ ತಿರುಗಿಸು. ಕತ್ತರಿ ಹಾಕಿದಲ್ಲೆಲ್ಲ ನಿಲ್ಲಿಸು. ಹಾಡು ನಾನು ಹೇಳ್ತೇನೆ."

ಹೇಳಿಯೇ ಹೇಳಿದರು. ಇಂಗ್ಲಿಷ್ ಸಾಲು ಮರೆತಲ್ಲಿ ಮದುವೆಮನೆಯ ಕೊಂಕಣಿ ಹಾಡು ತುರುಕಿದರು. ಖಾಲಿ ಲೋಟ ಎತ್ತಿ ತೂರಾಡಿದರು. ಹುಡುಗಿಯ ಪಾಲಿನ ಮಾತನ್ನೂ ತಾವೇ ನಾಚಿ ಆಡಿದರು. ನೀಲಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಅರ್ಧ ಗಂಟೆಯ ಸಿನಿಮಾ ಊಟದ ಹೊತ್ತನ್ನೂ ಮೀರಿತು.

ಮುಂದಿನ ಶುಕ್ರವಾರ ಕೂರಲು ಜಾಗ ಸಾಲಲಿಲ್ಲ. ಟಿಕೆಟಿನ ಮಾತು ಮಾವನ ಬಾಯಲ್ಲಿ ಮತ್ತೆ ಬರಲಿಲ್ಲ. ಗುರುವಾರವೇ ಗಂಟಲಿಗೆ ಉಪ್ಪುನೀರು ಕೇಳುವುದು ಅವರಿಗೆ ರೂಢಿಯಾಯಿತು.

ಒಂದು ಸಂಜೆ ಕಬೀರ್ ರೋಸ್‌ಮೇರಿಯನ್ನು ಅಂಗಡಿಯೊಳಗೆ ಕರೆದ. "ರೋಸಕ್ಕಾ, ನಿಮ್ಮ ಅದೃಷ್ಟ! ಆ ಸಿನಿಮಾದ ಪೂರ್ತಿ ಕ್ಯಾಸೆಟ್ ಸಿಕ್ಕಿತು, ಒಂದು ಕಟ್ಟೂ ಇಲ್ಲ. ಯಾರಿಗೂ ಹೇಳ್ಬೇಡಿ, ತಕ್ಕೊಂಡು ಹೋಗಿ."

ರೋಸ್‌ಮೇರಿ ಕೈಗೆತ್ತಿಕೊಂಡಳು. ಮಾವ ಇಷ್ಟು ವರ್ಷ ಹಂಬಲಿಸಿದ್ದು ಇದನ್ನೇ. ಆದರೂ ಮೆಲ್ಲನೆ ಮೇಜಿನ ಮೇಲಿಟ್ಟಳು.

"ಬೇಡ ಕಬೀರ್. ಇದರಲ್ಲಿ ನಮ್ಮ ಮಾವ ಇಲ್ಲ ಅಲ್ವಾ?"