ಮುಚ್ಚಳ ಸದ್ದು ಮಾಡದ ಬೆಳಿಗ್ಗೆ

ಅತ್ತೆ ಸೊಸೆಯ ಜೊತೆ ಮಾತು ಬಿಟ್ಟು ಅಂದಿಗೆ ನಾಲ್ಕು ದಿನ. ಕಾರಣ ಹೇಳಿದರೆ ನಗಬೇಡಿ: ಹಿಡಿ ಮುರಿದ ಹಳೇ ಬಾಣಲೆಯೊಂದನ್ನು ಸೊಸೆ ಗುಜರಿಗೆ ಹಾಕಿದ್ದಳು. ಮಾತು ಬಿಟ್ಟರೆಂದು ಅತ್ತೆ ಸುಮ್ಮನಿದ್ದರು ಅಂದುಕೊಂಡಿರಾ? ಹೇಳಬೇಕಾದ್ದನ್ನೆಲ್ಲ ಪಾತ್ರೆಯ ಮುಚ್ಚಳದಿಂದ ಹೇಳಿಸುತ್ತಿದ್ದರು. ಸೊಸೆ ಏಳುವುದು ತಡವಾದರೆ ಒಂದು ಢಣ್, ಹಾಲು ಉಕ್ಕಿಸಿದರೆ ಎರಡು. ಅಬ್ಬಬ್ಬಾ, ಬೈಗುಳವನ್ನಾದರೂ ತಾಳಿಕೊಳ್ಳಬಹುದು, ಈ ಢಣ್ ಯಾರಿಗೆ ಬೇಕು!

ಸೊಸೆ ಊರಿನ ದೊಡ್ಡಾಸ್ಪತ್ರೆಯಲ್ಲಿ ಮಿದುಳಿನ ಸ್ಕ್ಯಾನ್ ತೆಗೆಯುವವಳು. ಅಲ್ಲಿ ಎಲ್ಲರಿಗೂ ಅವಳು ಸ್ಕ್ಯಾನಮ್ಮ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಬಂದವರ ಚಿತ್ರ ನೋಡಿ, ಒಳಗಿನ ಹೆಪ್ಪು ಎಂಥದ್ದೆಂದು ಅದು ಹೊರಗೆ ಬರುವ ಮೊದಲೇ ಹೇಳಿಬಿಡುವುದು ಅವಳ ಚಟ. ಚಿತ್ರದಲ್ಲಿ ನಾಳ ಮಿನುಗಿದರೆ ಹೆಪ್ಪಿನಲ್ಲಿ ಕೆಂಪು ಕಣಗಳೇ ಹೆಚ್ಚು. ಮೆತ್ತಗಿರುತ್ತದೆ, ನಾಳದೊಳಗೆ ತೂರಿಸಿದ ಪೈಪಿನಿಂದ ಹೀರಿದರೆ ಬಂದುಬಿಡುತ್ತದೆ. ಮಿನುಗದಿದ್ದರೆ ನಾರು ಹೆಚ್ಚು. ಬಿಳಿಚಿಕೊಂಡ ಗಟ್ಟಿ ಹೆಪ್ಪು, ಸುಲಭಕ್ಕೆ ಜಗ್ಗುವುದಿಲ್ಲ, ತಂತಿಯ ಬಲೆಯಲ್ಲಿ ಹಿಡಿದು ಎಳೆಯಬೇಕು. ಹತ್ತರಲ್ಲಿ ಎಂಟು ಸಲ ಅವಳು ಹೇಳಿದ್ದೇ ಆಗುತ್ತಿತ್ತು. ಉಳಿದೆರಡು ಸಲ ಡಾಕ್ಟರು ದಿನವಿಡೀ ರೇಗಿಸುತ್ತಿದ್ದರು.

ಅವತ್ತು ಬೆಳಿಗ್ಗೆ ಏಳೂ ಹತ್ತಕ್ಕೆ ಒಂದು ಢಣ್ ಕೇಳಿತು. ಸೊಸೆ ದಡಬಡಿಸಿ ಎದ್ದು ಬಂದು ಹಾಲಿಟ್ಟಳು. ಆಚೆ ನೋಡಿ ಈಚೆ ತಿರುಗುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಮುಳುಗಿತು. ಈಗ ಬೀಳುತ್ತವೆ ಎರಡು ಎಂದು ಹಲ್ಲು ಕಚ್ಚಿಕೊಂಡು ಕಾದಳು. ಸದ್ದೇ ಇಲ್ಲ.

ತಿರುಗಿ ನೋಡಿದರೆ ಅತ್ತೆ ಗೋಡೆಗೊರಗಿ ನಿಂತಿದ್ದಾರೆ. ಮುಚ್ಚಳ ಕಟ್ಟೆಯ ಮೇಲೇ ಇದೆ. ಎತ್ತಲು ಹೋದ ಬಲಗೈ ಅದರ ಮೇಲೆ ಜಾರುತ್ತಿದೆ, ಬಾಯಿ ಸೊಟ್ಟಗಾಗಿದೆ.

"ಅತ್ತೇ! ಒಂದು ಮಾತಾಡಿ! ಬೈದ್ರೂ ಪರವಾಗಿಲ್ಲ, ಮಾತಾಡಿ!"

ಅತ್ತೆ ಬಾಯಿ ತೆರೆದರು. ಮಾತು ಬರಲಿಲ್ಲ. ಇದು ಸಿಟ್ಟಲ್ಲ ಎಂದು ಸೊಸೆಗೆ ತಿಳಿಯಿತು, ಫೋನಿಗೆ ಕೈಹಾಕಿದಳು.

ಆಂಬುಲೆನ್ಸ್ ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸಿತು.

"ಕೊನೇ ಸಲ ಯಾವಾಗ ಚೆನ್ನಾಗಿದ್ರು?" ಡಾಕ್ಟರು ಕೇಳಿದರು.

"ಏಳೂ ಹತ್ತಕ್ಕೆ."

"ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ಮುಚ್ಚಳ ಕುಟ್ಟಿದ್ರು ಸಾರ್."

ಸ್ಕ್ಯಾನನ್ನು ಅವಳೇ ತೆಗೆದಳು. ಎಡಗಡೆ, ಮಾತಿಗೂ ಬಲಗೈಗೂ ರಕ್ತ ಒಯ್ಯುವ ನಾಳವೇ ಕಟ್ಟಿಕೊಂಡಿತ್ತು. ಬೇಗ ತೆರೆಯದಿದ್ದರೆ ಮಾತು ಹೋಗಿಯೇ ಹೋಯಿತು. ಡಾಕ್ಟರು ಹೀರುವ ಪೈಪು ಸಿದ್ಧಮಾಡಲು ಹೇಳಿದರು. ಸೊಸೆ ಪರದೆಗೆ ಮೂಗು ತಾಗಿಸಿದಳು.

"ಮಿನುಗ್ತಿಲ್ಲ ಸಾರ್. ಗಟ್ಟಿ ಹೆಪ್ಪು. ಬರೀ ಪೈಪಿಗೆ ಬರಲ್ಲ, ಮೊದಲ ಸಲಕ್ಕೇ ತಂತಿ ಬಲೆನೂ ಹಾಕಿ."

"ಖಾತ್ರಿನಾ ಸ್ಕ್ಯಾನಮ್ಮ? ಇವತ್ತು ತಮಾಷೆ ಅಲ್ಲ."

"ನಮ್ಮತ್ತೇದು ಏನಿದ್ರೂ ಗಟ್ಟಿನೇ ಸಾರ್."

ಡಾಕ್ಟರು ಚಿತ್ರವನ್ನು ಇನ್ನೊಮ್ಮೆ ನೋಡಿ, ಹೂಂ ಎಂದು ಒಳಗೆ ಹೋದರು. ಹೇಳುವಾಗ ಇದ್ದ ಧೈರ್ಯ ಬಾಗಿಲು ಮುಚ್ಚಿದ ಮೇಲೆ ಇರಲಿಲ್ಲ. ಇದು ಆ ಎರಡು ಸಲಗಳಲ್ಲಿ ಒಂದಾದರೆ? ಸಾವಿರ ಢಣ್ ಆದರೂ ಕೇಳಿಸಿಕೊಳ್ಳುತ್ತೇನೆ, ಬಾಣಲೆಯನ್ನು ಗುಜರಿಯವನ ಕಾಲು ಹಿಡಿದಾದರೂ ತರುತ್ತೇನೆ ಎಂದು ಗೊಣಗುತ್ತ ಅವಳು ಕಾರಿಡಾರಿನುದ್ದಕ್ಕೂ ಓಡಾಡಿದಳು.

ನಲವತ್ತು ನಿಮಿಷಕ್ಕೆ ಡಾಕ್ಟರು ಹೊರಬಂದು ಬಟ್ಟೆಯ ತುಂಡೊಂದನ್ನು ಬಿಡಿಸಿ ತೋರಿಸಿದರು. ಒಳಗೆ ಹೆಪ್ಪು: ಅಕ್ಕಿಕಾಳಿಗಿಂತ ತುಸು ಉದ್ದ, ಬಿಳಿ.

"ಒಂದೇ ಎಳೆತಕ್ಕೆ ಬಂತು ಮಾರಾಯ್ತಿ!"

ಸಂಜೆ ವಾರ್ಡಿನಲ್ಲಿ ಅತ್ತೆ ಕಣ್ಣು ಬಿಟ್ಟಿದ್ದರು. ಬಾಯಿ ನೆಟ್ಟಗಾಗಿತ್ತು. ಡಾಕ್ಟರು ಸೊಸೆಯನ್ನು ತೋರಿಸಿ, "ಇವರು ಯಾರು ಹೇಳಿ ಅಮ್ಮಾ," ಎಂದರು.

ಅತ್ತೆ ಅವಳನ್ನು ದಿಟ್ಟಿಸಿದರು. ಆಮೇಲೆ ಮುಖ ಆಚೆ ತಿರುಗಿಸಿಕೊಂಡರು. ಸೊಸೆ ಗಾಬರಿಯಿಂದ ಡಾಕ್ಟರ ಮುಖ ನೋಡಿದಳು.

"ಮಾತು ಬರ್ತಿಲ್ವಾ ಅಮ್ಮಾ?"

"ಬರ್ದೇ ಏನು," ಅತ್ತೆ ಗೋಡೆಗೆ ಹೇಳಿದರು, ನಿಧಾನವಾಗಿ, ಆದರೆ ಒಂದಕ್ಷರವೂ ತಪ್ಪದೆ. "ಇವಳ ಜೊತೆ ಮಾತು ಬಿಟ್ಟಿದ್ದೀನಿ ಡಾಕ್ಟ್ರೇ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ಮಾತ್ರ ಮಂಚದ ಪಕ್ಕ ಕುಸಿದು ಕೂತು ನಗುತ್ತಲೇ ಗಳಗಳ ಅತ್ತಳು. ಅವಳ ಅಳು ನಿಲ್ಲುವುದೇ ಕಾಣದಾಗ, ಅತ್ತೆ ಪಕ್ಕದ ಮೇಜಿನ ನೀರಿನ ಪಾತ್ರೆಗೆ ಕೈಚಾಚಿ, ಮುಚ್ಚಳ ಎತ್ತಿ, ಢಣ್ ಎಂದು ಕುಟ್ಟಿದರು.

ಬಲಗೈಯಲ್ಲಿ.